ಹತ್ತು ಡಿಗ್ರಿ

ದೋಸೆ ಮಗುಚಲು ಕೈ ಎತ್ತಿದ್ದ ಕೋದೈ ಹಾಗೇ ನಿಂತಳು. ಓಣಿಯ ಏರು ಹತ್ತಿ ಬರುತ್ತಿದ್ದ ರೇಸ್ ಕಾರಿನ ಅಬ್ಬರದೊಳಗೆ, ಡಬ್ಬಿಯಲ್ಲಿ ಕಡಲೆ ಅಲುಗಿಸಿದಂಥ ಇನ್ನೊಂದು ಸದ್ದಿತ್ತು.

ಹೋದ ವರ್ಷದ ರೇಸಿನ ಮೂರನೇ ಸುತ್ತಿನಲ್ಲಿ ಇದೇ ಕಾರಿನ ಪಿಸ್ಟನ್ ತೂತಾಗಿತ್ತು. ಎಂಜಿನ್ ಜೋಡಿಸಿದವಳು ಕೋದೈ. 'ಪಿಸ್ಟನ್ ರಿಂಗ್ ಬಿಗಿ ಮಾಡಿದ್ದಾಳೆ' ಎಂದು ಗಂಡ ಸೇನಾಪತಿ ಅಂದದ್ದು ಕೊಯಮತ್ತೂರಿನ ವರ್ಕ್‌ಶಾಪುಗಳಲ್ಲೆಲ್ಲ ಹರಡಿತು. ಈ ಸಲ ಒಂದೊಂದು ರಿಂಗನ್ನೂ ಮೂರು ಸಲ ಅಳೆದು ಕೂರಿಸಿದ್ದಳು. ಇದೂ ಒಡೆದರೆ ಮತ್ತೆ ಯಾರೂ ಅವಳ ಕೈಗೆ ಎಂಜಿನ್ ಕೊಡುವುದಿಲ್ಲ.

ಒಲೆ ಆರಿಸಿ ಶೆಡ್ಡಿಗೆ ಓಡಿದಳು. ಕಾರಿನಿಂದಿಳಿದ ತಮ್ಮ ದಂಡಪಾಣಿ ಹೆಲ್ಮೆಟ್ ಹಿಡಿದು ನಿಂತಿದ್ದ. ಹತ್ತು ಗಂಟೆಗೆ ಅವನ ರೇಸು.

"ಏನೂಂದ್ರೆ, ಎಂಜಿನ್ ಬಡೀತಿದೆ. ಕಿಡಿ ಬೇಗ ಹಾರ್ತಿದೆ, ಹೀಗೇ ಓಡಿದ್ರೆ ಪಿಸ್ಟನ್ ತೂತಾಗುತ್ತೆ," ಎಂದಳು ಕೋದೈ, ಒಳಗೆ ಕೂತಿದ್ದ ಗಂಡನಿಗೆ.

ಕಿಡಿ ಯಾವಾಗ ಹಾರಬೇಕೆಂದು ಹೇಳುವ ಕಾರಿನ ಮೂಲ ಕಂಪ್ಯೂಟರನ್ನು ಹೋದ ವರ್ಷದ ರೇಸಿಗೆ ಮುಂಚೆ ಕಿತ್ತು ಹೊರಗಿನದನ್ನು ಕೂರಿಸಿದವನು ಸೇನಾಪತಿಯೇ. ಲ್ಯಾಪ್‌ಟಾಪಿನಿಂದ ಅವನು ತಲೆ ಎತ್ತಲಿಲ್ಲ. "ನೋಡಿಲ್ಲಿ, ಪಿಸ್ಟನ್ ತುದಿ ಮುಟ್ಟೋಕೆ ಹತ್ತು ಡಿಗ್ರಿ ಮೊದಲು ಕಿಡಿ ಅಂತ ತೋರಿಸ್ತಿದೆ. ಹೋದ ವರ್ಷದ ಫೈಲೇ ಇದು, ಒಂದಂಕೀನೂ ಮುಟ್ಟಿಲ್ಲ. ನೀನು ನಿನ್ನ ರಿಂಗ್ ನೋಡ್ಕೋ."

"ಅಕ್ಕನ ದೋಸೆ ಚುಂಯ್ ಅಂದಿರ್ಬೇಕು ಭಾವ," ಎಂದು ದಂಡಪಾಣಿ ನಕ್ಕ. ಆದರೆ ಬೆರಳುಗಳು ಹೆಲ್ಮೆಟ್ಟಿನ ಪಟ್ಟಿಯನ್ನು ತಿರುಚುತ್ತಲೇ ಇದ್ದವು.

ಕೋದೈ ಅಪ್ಪನ ಕಾಲದ ಟೈಮಿಂಗ್ ಲೈಟನ್ನು ಹಲಗೆಯಿಂದ ಇಳಿಸಿ, ಅದರ ಕ್ಲಿಪ್ಪನ್ನು ಮೊದಲ ಪ್ಲಗ್ಗಿನ ವೈರಿಗೆ ಸಿಕ್ಕಿಸಿದಳು. "ಕಂಪ್ಯೂಟರನ್ನ ಹತ್ತು ಡಿಗ್ರಿಗೇ ನಿಲ್ಲಿಸಿ, ಸ್ಟಾರ್ಟ್ ಮಾಡಿ."

"ಆ ಕಾಲ ಹೋಯ್ತು ಕಣೇ."

"ಮಾಡಿ ಅಂದೆ."

ಎಂಜಿನ್ ಗುಡುಗಿತು. ಕಿಡಿ ಹಾರಿದಾಗಲೆಲ್ಲ ಲೈಟ್ ಮಿಂಚಿ, ಗಿರಗಿರನೆ ತಿರುಗುವ ಪುಲ್ಲಿಯ ಮೇಲಿನ ಬಿಳಿ ಗೀರು ನಿಂತಂತೆ ಕಂಡಿತು. ಎಂಟು ವರ್ಷದ ಮಗಳು ಅಮುದಾ ಟೈರಿನ ರಾಶಿಯಿಂದಿಳಿದು ಬಗ್ಗಿದಳು. ಪುಲ್ಲಿಯ ಪಕ್ಕದ ಡಿಗ್ರಿ ಪಟ್ಟಿಯಲ್ಲಿ ಗೀರು ಹತ್ತರ ಎದುರಿಗಿರಲಿಲ್ಲ, ಇಪ್ಪತ್ತರ ಎದುರಿಗಿತ್ತು.

ಸೇನಾಪತಿ ಲೈಟ್ ಕಸಿದು ತಾನೇ ನೋಡಿದ. ಇಪ್ಪತ್ತೇ. ಪಿಸ್ಟನ್ ತುದಿ ಮುಟ್ಟುವುದು ಎಲ್ಲೆಂದು ಅವನು ಕಂಪ್ಯೂಟರಿಗೆ ತಪ್ಪಾಗಿ ಹೇಳಿಕೊಟ್ಟಿದ್ದ. ಪರದೆ ಆ ತಪ್ಪನ್ನೇ ನಂಬಿ ಹತ್ತು ಅನ್ನುತ್ತಿತ್ತು. ಲ್ಯಾಪ್‌ಟಾಪಿನಲ್ಲಿ ಒಂದು ಅಂಕಿ ತಿದ್ದಿದ. ಗೀರು ಹತ್ತಕ್ಕೆ ಸರಿಯಿತು.

ದಂಡಪಾಣಿ ಮತ್ತೊಮ್ಮೆ ಏರು ಹತ್ತಿ ಬಂದ. ಕಡಲೆಯ ಸದ್ದಿರಲಿಲ್ಲ.

"ಸರಿ ಸರಿ, ಹೊತ್ತಾಯ್ತು, ಹೊರಡು," ಎಂದು ಸೇನಾಪತಿ ಲ್ಯಾಪ್‌ಟಾಪ್ ಮುಚ್ಚಿದ. ಕೋದೈ ತಲೆ ತಗ್ಗಿಸಿ ಲೈಟಿನ ವೈರು ಸುತ್ತುತ್ತಿದ್ದಳು.

ಆಗಿನಿಂದ ಅಪ್ಪನ ಮುಖ, ಅಮ್ಮನ ಮುಖ ನೋಡುತ್ತಿದ್ದ ಅಮುದಾ ಅಪ್ಪನ ಅಂಗಿ ಜಗ್ಗಿದಳು.

"ಅಪ್ಪಾ, ಇದು ಹೋದ ವರ್ಷದ ಫೈಲೇ ಅಂದ್ರಲ್ಲ? ಹಾಗಾದ್ರೆ ಅವತ್ತು ಎಂಜಿನ್ ಹೋಗಿದ್ದು ಅಮ್ಮನಿಂದ ಅಲ್ಲ, ಅಲ್ವಾ?"