ರೆಕ್ಕೆ ಮುನಿಯಪ್ಪ

ಶವಪೆಟ್ಟಿಗೆಯ ಅಡಿಗೆ ಕೈಹಾಕಿ ಅಣ್ಣಮ್ಮ ಒಂದು ಕುಡುಗೋಲನ್ನು ಈಚೆಗೆಳೆದಳು.

"ಇದ್ಯಾರ್ದೇ ಲಿಂಗಮ್ಮ?"

"ನಂದೇ ಅಕ್ಕ," ಎಂದಳು ಪಕ್ಕದ ಮನೆಯ ಲಿಂಗಮ್ಮ. "ಹೆಣದ ಹತ್ರ ಕಬ್ಬಿಣ ಇರ್ಬೇಕು. ಇಲ್ದಿದ್ರೆ ಗಾಳಿಗೀಳಿ ಮೆಟ್ಕೊಳ್ತದೆ."

"ನಮ್ಮಲ್ಲಿ ಇದೆಲ್ಲ ಇಲ್ಲ ಕಣೇ. ಫಾದರ್ ನೋಡಿದ್ರೆ ಬೈತಾರೆ."

ಅಂದಳೇನೋ ಸರಿ, ಕುಡುಗೋಲನ್ನು ಮಾತ್ರ ಇದ್ದಲ್ಲಿಗೇ ಸರಿಸಿದಳು. ಬೆಳಿಗ್ಗೆ ಗಂಡ ಮರಿಯಪ್ಪನ ಪ್ರಾಣ ಹೋಗುವಾಗ ಅವಳು ಬೀದಿ ನಲ್ಲಿಯ ಹತ್ತಿರ ಒಂದು ಕೊಡ ನೀರಿಗಾಗಿ ಜಗಳ ಕಾಯುತ್ತಿದ್ದಳು. ಫಾದರ್ ಬಂದು ಸಾಯುವವರಿಗೆ ಹಚ್ಚುವ ಮಂತ್ರಿಸಿದ ಎಣ್ಣೆ ಹಚ್ಚಿರಲಿಲ್ಲ. ಕೊನೆಗೆ ಸಾಯುವವರನ್ನು ಕಾಯುವ ದೇವದೂತ ಮಿಕೇಲಪ್ಪನ ಹೆಸರು ಕೂಗುವುದಕ್ಕೂ ಒಬ್ಬರಿಲ್ಲ. ಕರೆಯದೆ ಅವನು ಬರುತ್ತಾನೆಯೇ? ಸೈತಾನನಿಗಾದರೆ ಕರೆಯೋಲೆ ಬೇಡ. ಗಂಡ ಸತ್ತದ್ದಕ್ಕಿಂತ ಒಂಟಿಯಾಗಿ ಹೋದನಲ್ಲ ಎಂಬುದೇ ಅವಳಿಗೆ ಹೆಚ್ಚಿನ ಸಂಕಟ.

*

ಮರಿಯಪ್ಪನದು ಗೋವಿಂದರಾಜನಗರದ ಸೌದೆ ಡಿಪೋದಲ್ಲಿ ತೂಕ ಹಾಕುವ ಕೆಲಸ. ತಕ್ಕಡಿಯ ಹಿಂದಿನ ಗೋಡೆಗೆ ಮಿಕೇಲಪ್ಪನ ಪಟ: ಒಂದು ಕೈಲಿ ಕತ್ತಿ, ಇನ್ನೊಂದರಲ್ಲಿ ತಕ್ಕಡಿ, ಕಾಲಡಿ ಸೈತಾನ. ಸೌದೆಗೆ ಬಂದ ಲಿಂಗಮ್ಮ ಪಟಕ್ಕೆ ಕೈಮುಗಿದು ಕೇಳಿದ್ದಳು.

"ಊರು ಕಾಯೋ ಮುನಿಯಪ್ಪಂಗೆ ರೆಕ್ಕೆ ಯಾಕಣ್ಣ ಬರ್ದವ್ರೆ?"

ಮರಿಯಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. "ಮುನಿಯಪ್ಪ ಅಲ್ಲಮ್ಮ, ದೇವದೂತರ ಸೇನಾಪತಿ. ಸೈತಾನನ್ನ ಸ್ವರ್ಗದಿಂದ ದಬ್ಬಿದೋನು. ಹಿಂದೆ ಮೋಶೆ ಅಂತ ಯೆಹೂದ್ಯರ ದೊಡ್ಡ ಪ್ರವಾದಿ ಸತ್ತಾಗ ಹೆಣ ನಂದು ಅಂತ ಸೈತಾನ ಬಂದಿದ್ನಂತೆ. ಅಡ್ಡ ನಿಂತೋನು ಇವನೇ. ನಾವು ಸಾಯೋವಾಗ್ಲೂ ಬರ್ತಾನೆ. ಕರೀಬೇಕು ಅಷ್ಟೆ."

"ಬಂದು ತೂಕ ಹಾಕ್ತಾನಾ?"

"ಹೂಂ, ಪಾಪ ಪುಣ್ಯ."

ಊಟ ತಂದಿದ್ದ ಅಣ್ಣಮ್ಮನಿಗೆ ನಗು ತಡೆಯಲಾಗಿರಲಿಲ್ಲ. ಸೌದೆ ಹಸಿ ಇದ್ದರೆ ಎರಡು ತುಂಡು ಹೆಚ್ಚಿಗೆ ಎಸೆದು ಮಾಲೀಕನ ಕೈಲಿ ಬೈಸಿಕೊಳ್ಳುವ, ಇರುವೆಯನ್ನೂ ದಾಟಿ ನಡೆಯುವ ಈ ಗಂಡಸಿಗೆ ಎಂಥ ರಣಧೀರನ ಸ್ನೇಹ! ಮನೆಮನೆಗೆ ಗ್ಯಾಸ್ ಬಂದು ಡಿಪೋ ಮುಚ್ಚಿದಾಗ ಅವನು ಮನೆಗೆ ತಂದದ್ದು ಆ ಪಟವೊಂದನ್ನೇ.

*

ಮುಚ್ಚಳ ಹಾಕಲು ಬಂದಾಗ ಅಣ್ಣಮ್ಮ ಪೆಟ್ಟಿಗೆ ಬಿಡಲಿಲ್ಲ.

"ಹೆಸರು ಕರೆಯೋಕೂ ಯಾರೂ ಇಲ್ದಂಗೆ ಹೋದ್ರಲ್ಲೇ!"

"ನಾನಿದ್ನಲ್ಲಕ್ಕ," ಲಿಂಗಮ್ಮನ ದನಿ ಉಡುಗಿತ್ತು. "ಮೊಸರು ಕೊಡೋಣ ಅಂತ ಬಂದೆ. ಅಣ್ಣಂಗೆ ಮೇಲುಸಿರು. ಪಟದ ಕಡೆ ಕೈ ತೋರ್ಸಿದ್ರು. ನಂಗೆ ಹೆಸ್ರೇ ಮರ್ತೋಗಿತ್ತು. 'ರೆಕ್ಕೆ ಮುನಿಯಪ್ಪಾ, ಮರಿಯಣ್ಣ ಹೊರ್ಟವ್ರೆ, ಕತ್ತಿ ತಗೊಂಡು ಬೇಗ ಬಾರಪ್ಪಾ' ಅಂತ ಕೂಗ್ಬಿಟ್ಟೆ. ನಿಮ್ ದೇವ್ರಿಗೆ ತಪ್ಪಾಯ್ತೇನೋ ಅಂತ ಹೇಳ್ಲಿಲ್ಲ."

"ನಮ್ಮನೆಯವ್ರಿಗೆ ಕೇಳಿಸ್ತಾ?"

"ನಕ್ರು ಕಣಕ್ಕ. ನಗ್ತಾ ನಗ್ತಾನೇ ಹೋದ್ರು."

ಅಣ್ಣಮ್ಮ ಅವಳನ್ನು ತಬ್ಬಿಕೊಂಡು, ಬೆಳಗಿನಿಂದ ಬಾರದಿದ್ದ ಅಳುವನ್ನೆಲ್ಲ ಅತ್ತಳು. ಆಮೇಲೆ ತಾನೇ ಮುಚ್ಚಳಕ್ಕೆ ಕೈಕೊಟ್ಟಳು.

ಸಮಾಧಿಯ ಬಳಿ ಪ್ರಾರ್ಥನೆ ಮುಗಿಯಿತು. ಮಣ್ಣು ಹಾಕಲು ಫಾದರ್ ಮನೆಯವರನ್ನು ಕರೆದರು. ಅಣ್ಣಮ್ಮ ಗುಂಪಿನ ಹಿಂದಿದ್ದ ಲಿಂಗಮ್ಮನ ಕೈ ಹಿಡಿದು ಮುಂದಕ್ಕೆ ತಂದಳು.

"ಮೊದ್ಲು ನೀನು ಹಾಕೇ."

ಲಿಂಗಮ್ಮ ಚಪ್ಪಲಿ ಬಿಟ್ಟು ಹಿಡಿ ಮಣ್ಣು ತೆಗೆದುಕೊಂಡಳು. ಗುಂಡಿಯ ತಲೆಯ ಬದಿಗೆ ಹೋದವಳು ತಟ್ಟನೆ ನಿಂತು, ಸೆರಗನ್ನು ಒತ್ತರಿಸಿ ಹಿಡಿದು, ಕತ್ತಿ ಹಿಡಿದು ಅಲ್ಲಿ ನಿಂತವನ ರೆಕ್ಕೆಗೆ ಮೈ ತಾಗಬಾರದೆಂಬಂತೆ ಪಕ್ಕಕ್ಕೆ ಸರಿದು ಮಣ್ಣು ಹಾಕಿದಳು.