ಗುಡುಗಮ್ಮನ ಭಾನುವಾರ

"ಬಾಗಿಲು ಹಾಕ್ಕೊಂಡು ಒಳಗೆ ಬನ್ನಿ ಅಕ್ಕಾ" ಎಂದು ಡಾಕ್ಟರು ಉಗ್ರಾಣದಿಂದ ಕರೆದಾಗ ಗುಡುಗಮ್ಮ ಬ್ರೆಡ್ಡು ಕೊಯ್ಯುತ್ತಿದ್ದ ಚಾಕುವನ್ನು ಕೆಳಗಿಡದೆಯೇ ಹೋದಳು. ಸಕ್ಕರೆ ಮುಗಿಯಿತೆಂದೋ, ಪಾಯಿಖಾನೆ ಕಟ್ಟಿಕೊಂಡಿತೆಂದೋ ಏನಾದರೊಂದು ತಕರಾರು ಇದ್ದೇ ಇರುತ್ತದೆ, ಅದಕ್ಕೆ ತಕ್ಕ ಉತ್ತರವೂ ಅವಳ ನಾಲಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಡಾಕ್ಟರು ಅಂದರೆ ಹಲ್ಲಿನ ಡಾಕ್ಟರು, ಈ ಮಕ್ಕಳ ಶಿಬಿರ ನಡೆಸುವವರು. ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹಾಲಿನ ಕ್ಯಾನುಗಳ ಮಧ್ಯೆ ನಿಂತಿದ್ದರು. ಗುಡುಗಮ್ಮನ ಕೋಣೆಯಲ್ಲಿ ಮಲಗುವ ಎರಡು ಜಡೆಯ ಹುಡುಗಿಯ ತಾಯಿ ಬೆಳಗಿನ ಜಾವ ಆಸ್ಪತ್ರೆಯಲ್ಲಿ ತೀರಿಕೊಂಡಳಂತೆ.

ತಂದೆ ಫೋನಿನಲ್ಲಿ ಕೇಳಿಕೊಂಡದ್ದು ಒಂದೇ. ಸಂಜೆ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ, ನಾನೇ ಹೇಳುತ್ತೇನೆ, ಅಲ್ಲಿಯವರೆಗೆ ಬೇರೆಯವರ ಬಾಯಿಂದ ಅವಳ ಕಿವಿಗೆ ಬೀಳಬಾರದು. ಈ ಪರದೇಶದಲ್ಲಿ ಅವನಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಕಾಗದಪತ್ರಕ್ಕೆಂದು ಆಸ್ಪತ್ರೆಗೂ ಕಚೇರಿಗೂ ಒಬ್ಬನೇ ಓಡಾಡಬೇಕು, ಮಗುವನ್ನು ಎಲ್ಲಿ ಅಂತ ಕೂರಿಸಿಕೊಂಡಾನು?

"ನಿಮಗೊಬ್ಬರಿಗೇ ಹೇಳ್ತಿದೀನಿ. ನೀವು ಎಂದಿನ ಹಾಗೇ ಇದ್ದುಬಿಡಿ ಅಕ್ಕಾ, ಸಾಕು" ಎಂದರು ಡಾಕ್ಟರು.

ಎಂದಿನ ಹಾಗೆ ಎಂದರೇನು ಅನ್ನುವುದು ಶಿಬಿರಕ್ಕೆಂದು ಬಾಡಿಗೆಗೆ ಹಿಡಿದ ಆ ಶಾಲೆಯ ಗೋಡೆಗಳಿಗೂ ಗೊತ್ತಿತ್ತು. ವರ್ಷಕ್ಕೊಮ್ಮೆ ಶನಿವಾರ ಭಾನುವಾರ ನಡೆಯುವ ಶಿಬಿರ. ನಮ್ಮವರ ಮಕ್ಕಳು, ಆ ದೇಶದ ಮಕ್ಕಳು, ಇವರ ಹಾಡು ಅವರಿಗೆ, ಅವರ ಆಟ ಇವರಿಗೆ. ವಾರವೆಲ್ಲ ಹೋಟೆಲೊಂದರ ಲಾಂಡ್ರಿಯಲ್ಲಿ ಹೊದಿಕೆ ಮಡಚುವ ಗುಡುಗಮ್ಮ, ಇಲ್ಲಿ ಬಿಟ್ಟಿ ದುಡಿಯಲು ಬರುತ್ತಿದ್ದಳು. ಅಡುಗೆಮನೆಯೂ ಅವಳದೇ, ಹೆಣ್ಣುಮಕ್ಕಳ ಕೋಣೆಯೂ ಅವಳದೇ. ಹೆಸರಿಟ್ಟವರು ಮಕ್ಕಳೇ. ಒಮ್ಮೆ ಬಾಯಿ ತೆರೆದಳೆಂದರೆ ಆಟದ ಮೈದಾನದವರೆಗೆ ಕೇಳಬೇಕು. ಆ ದೇಶದ ಮಕ್ಕಳು ಇಲ್ಲಿ ಕಲಿತ ಮೊದಲ ಕನ್ನಡವೆಂದರೆ ಹಾಡಲ್ಲ, "ಏಯ್ ಕೋತಿ, ಇಳಿ ಕೆಳಗೆ" ಎನ್ನುವುದು. ಸಂಸ್ಕೃತಿ ವಿನಿಮಯ ನಿಜವಾಗಿ ಮಾಡುತ್ತಿರುವವರು ಅಕ್ಕ ಒಬ್ಬರೇ ಎಂದು ಡಾಕ್ಟರು ಪ್ರತಿ ವರ್ಷ ವಂದನಾರ್ಪಣೆಯಲ್ಲಿ ಹೇಳಿ ನಗಿಸುತ್ತಿದ್ದರು. ಆದರೂ ಮಕ್ಕಳು ಅವಳ ಸೆರಗು ಬಿಡುತ್ತಿರಲಿಲ್ಲ. ಬೈಯುತ್ತಲೇ ಅವಳು ತಲೆ ಬಾಚುತ್ತಾಳೆ, ಬೈಯುತ್ತಲೇ ಎರಡನೇ ಸಲ ಬಡಿಸುತ್ತಾಳೆ ಎಂಬುದು ಅವಕ್ಕೆ ಒಂದೇ ದಿನದಲ್ಲಿ ತಿಳಿದುಹೋಗುತ್ತಿತ್ತು.

ಕೋಣೆಗೆ ಹೋದರೆ ಹುಡುಗಿ ಮಂಚದ ಮೇಲೆ ಕುಣಿಯುತ್ತಿದ್ದಳು. ಹೊದಿಕೆ ನೆಲದ ಮೇಲೆ ಬಿದ್ದಿತ್ತು. ಗುಡುಗಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅಮ್ಮನಿಗೆ ಮತ್ತೆ ಕೂದಲು ಬರುತ್ತಿದೆಯೆಂದು, ಬೆರಳಿನಲ್ಲಿ ಅದರ ಉದ್ದ ತೋರಿಸಿ, ಇದೇ ಹುಡುಗಿ ನಿನ್ನೆ ಜಡೆ ಹಾಕಿಸಿಕೊಳ್ಳುವಾಗ ಹೇಳಿದ್ದಳು. ಓಡಿ ಹೋಗಿ ಬಾಚಿ ಅಪ್ಪಿಕೊಳ್ಳಬೇಕೆನ್ನಿಸಿತು. ಅಪ್ಪಿಕೊಂಡರೆ ಅಲ್ಲಿಗೆ ಮುಗಿಯಿತು.

"ಏನೇ ಮಹಾರಾಣಿ, ಹೊದಿಕೆ ಮಡಚೋಕೆ ಆಳು ಬೇಕಾ ನಿನಗೆ?" ಎಂದು ಅಬ್ಬರಿಸಿದಳು. ಅಗತ್ಯಕ್ಕಿಂತ ಜೋರಾಗಿಯೇ ಬಂತು. ಹುಡುಗಿ ಕಿಸಕ್ಕನೆ ನಕ್ಕು ಕೆಳಗೆ ಹಾರಿ, ಹೊದಿಕೆಯನ್ನು ಮುದ್ದೆ ಮಾಡಿ ಮಡಚಿದಂತೆ ಮಾಡಿದಳು. ಅದಕ್ಕೂ ಬೈದದ್ದಾಯಿತು. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು, ಈ ನಾಲಗೆ ಸೇದಿಹೋಗಬಾರದೇ ಎಂದು ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು.

ಬೆಳಗ್ಗೆಯೆಲ್ಲ ಹೀಗೇ ಕಳೆಯಿತು. ಮಕ್ಕಳು ಹಾಡಿದರು, ಬಣ್ಣ ಬಳಿದರು, ಒಬ್ಬರ ಭಾಷೆಯಲ್ಲಿ ಇನ್ನೊಬ್ಬರು ಎಣಿಸಿ ಆಡಿದರು. ಹುಡುಗಿ ಗೆದ್ದು ಕೂಗಿದಾಗಲೆಲ್ಲ ಕಿಟಕಿಯ ಈಚೆ ಪಾತ್ರೆ ತೊಳೆಯುತ್ತಿದ್ದ ಗುಡುಗಮ್ಮ ನಲ್ಲಿಯನ್ನು ಇನ್ನಷ್ಟು ಜೋರಾಗಿ ಬಿಡುತ್ತಿದ್ದಳು. ಲೇಸು ಕಟ್ಟಿಲ್ಲವೆಂದು ಒಮ್ಮೆ, ಕೈಯ ಬಣ್ಣವನ್ನು ಲಂಗಕ್ಕೆ ಒರೆಸಿಕೊಂಡಳೆಂದು ಒಮ್ಮೆ, ಹುಡುಕಿ ಹುಡುಕಿ ಬೈದಳು. ಸಂಜೆ ಬೇಗ ಆಗಲಿ ಎಂದುಕೊಳ್ಳುವಳು, ಸಂಜೆ ಆಗುವುದೇ ಬೇಡ ಎಂದೂ ಅಂದುಕೊಳ್ಳುವಳು.

ಎಡವಿದ್ದು ಊಟದ ಹೊತ್ತಿಗೆ. ತಟ್ಟೆಯಲ್ಲಿ ಬಿಡುವುದೆಂದರೆ ಅವಳಿಗೆ ಆಗದು, ಅದು ಎಲ್ಲರಿಗೂ ಗೊತ್ತು. ಹುಡುಗಿಯ ಪಕ್ಕ ಕೂತಿದ್ದ ಆ ದೇಶದ ಹುಡುಗ ಅರ್ಧ ಬ್ರೆಡ್ಡು ಬಿಟ್ಟಿದ್ದ. ಅವನಿಗೆ ಸರಿಯಾಗಿ ಬೈಗುಳ ಬಿತ್ತು. ಅವನಿಗೆ ಅರ್ಥವಾಗದಿದ್ದರೂ ಬ್ರೆಡ್ಡು ಗಬಕ್ಕನೆ ಬಾಯಿಗೆ ಹೋಯಿತು, ಸುತ್ತಲಿನವರು ನಕ್ಕರು. ಅದೇ ಉಸಿರಿನಲ್ಲಿ ಅವಳು ಹುಡುಗಿಯ ತಟ್ಟೆ ನೋಡಿದಳು. ಸೂಪಿನಲ್ಲಿ ಬ್ರೆಡ್ಡು ನೆನೆದು ಉಬ್ಬಿತ್ತು, ಒಂದು ತುತ್ತೂ ಹೋಗಿರಲಿಲ್ಲ. ಹುಡುಗಿ ಆಗಲೇ ಕತ್ತು ಕುಗ್ಗಿಸಿ, ನಗು ತಡೆದುಕೊಂಡು ಕಾಯುತ್ತಿದ್ದಳು.

"ಸೇರದಿದ್ರೆ ಬಿಡು ಮಗೂ" ಎಂದಳು ಗುಡುಗಮ್ಮ. ತಾನು ಬೈಯಲಿಲ್ಲವೆಂಬುದು ಅಂದಮೇಲೆಯೇ ಅವಳಿಗೆ ಗೊತ್ತಾದದ್ದು. ತಟ್ಟೆ ಎತ್ತಿಕೊಂಡು ಹಿಂದೆ ನೋಡದೆ ಅಡುಗೆಮನೆಗೆ ನಡೆದಳು.

ಬಕೆಟ್ಟು ತಂದು ನೆಲ ಒರೆಸುತ್ತಿದ್ದಾಗ ಹುಡುಗಿ ಬಂದು ಮೇಜಿನ ಹತ್ತಿರ ನಿಂತಳು.

"ಅವನಿಗೆ ಬೈದ್ರಿ, ನನಗ್ಯಾಕೆ ಬೈಲಿಲ್ಲ ಆಂಟಿ?"

ಗಂಟಲು ನೋಯುತ್ತಿದೆ, ಎಷ್ಟು ಅಂತ ಅರಚಲಿ ಎಂದು ಗುಡುಗಮ್ಮ ಬಕೆಟ್ಟಿನೊಳಗೆ ನೋಡುತ್ತ ಏನೋ ಹೇಳಿದಳು. ಸುಳ್ಳು ಹೇಳಿ ಅವಳಿಗೆ ಅಭ್ಯಾಸವಿರಲಿಲ್ಲ.

"ಆಸ್ಪತ್ರೇಲಿ ಹೀಗೇ ಮಾಡ್ತಾರೆ" ಎಂದಳು ಹುಡುಗಿ. "ಅಮ್ಮಂಗೆ ಜಾಸ್ತಿ ಆದಾಗ ನರ್ಸ್ ಆಂಟಿ ಚಾಕೊಲೇಟ್ ಕೊಡ್ತಾರೆ. ಅಪ್ಪನೂ ಏನು ಕೇಳಿದ್ರೂ ಕೊಡಿಸ್ತಾರೆ. ಯಾರೂ ಬೈಯಲ್ಲ."

ಗುಡುಗಮ್ಮ ಬಟ್ಟೆ ಹಿಂಡಿದಳು. ಹಿಂಡಿದ್ದನ್ನೇ ಮತ್ತೆ ಹಿಂಡಿದಳು.

ಮೇಜಿನ ಮೇಲೆ ಸಂಜೆಗೆಂದು ಹಾಲಿನ ಜಗ್ಗು ತುಂಬಿಸಿಟ್ಟಿತ್ತು. ಹುಡುಗಿ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಆಗಷ್ಟೇ ಒರೆಸಿದ ನೆಲದ ಮೇಲೆ ಬಗ್ಗಿಸಿದಳು. ಹಾಲು ಬಿದ್ದು ಗುಡುಗಮ್ಮನ ಮಂಡಿಯವರೆಗೆ ಹರಿದು ಬಂತು.

"ಈಗ ಬೈಯಿರಿ."

ಗುಡುಗಮ್ಮ ತಲೆಯೆತ್ತಿದಳು. ಎದೆಯ ತುಂಬ ಉಸಿರೆಳೆದುಕೊಂಡು "ಏಯ್" ಎಂದಳು. ಮುಂದಿನದು ಬರಲಿಲ್ಲ. ಇಷ್ಟು ವರ್ಷ ಕರೆದಾಗಲೆಲ್ಲ ಓಡಿ ಬಂದ ದನಿ ಈ ಒಂದು ಸಲ, ಇದೊಂದೇ ಸಲ, ಕೈಕೊಟ್ಟಿತು. ಅವಳು ಬಗ್ಗಿ ಹಾಲು ಒರೆಸತೊಡಗಿದಳು.

"ಬೈಯಿರಿ ಆಂಟಿ" ಎಂದಳು ಹುಡುಗಿ ಮೆಲ್ಲಗೆ.

ಬಟ್ಟೆ ನೆಲದ ಮೇಲೆ ಆ ಕಡೆಯಿಂದ ಈ ಕಡೆಗೆ ಹೋಯಿತು. ಒಂದಿಷ್ಟು ಜಾಗ ಚೊಕ್ಕಟವಾಯಿತು. ಹುಡುಗಿ ಗುಡುಗಮ್ಮನ ಮುಖದಿಂದ ಕಣ್ಣು ಕೀಳದೆ, ಜಗ್ಗನ್ನು ಆ ಜಾಗದ ಮೇಲೆ ಹಿಡಿದು, ಇನ್ನಷ್ಟು ಸುರಿದಳು.