ಹೆಂಗಸರ ಕಡೆ ಯಾಕೆ ಖಾಲಿ?

ಎಂಬತ್ತೊಂದನೇ ಇಸವಿಯೋ ಎಂಬತ್ತೆರಡೋ ಇರಬೇಕು. ಗುಬ್ಬಿಯ ಪುಟ್ಟರಂಗಯ್ಯ ತನ್ನ ನಾಟಕದ ಕಂಪ್ನಿ ಕಟ್ಟಿಕೊಂಡು ಕುಣಿಗಲ್ಲಿಗೆ ಬಂದಿದ್ದ. ಸಂತೆ ಮೈದಾನದ ಮಗ್ಗುಲಲ್ಲಿ ಬೊಂಬು ನೆಟ್ಟು, ಸುತ್ತ ತಗಡು ಬಿಗಿದು, ಮೇಲೆ ತೆಂಗಿನ ಗರಿ ಹೊದಿಸಿ ಥಿಯೇಟರು ಎಬ್ಬಿಸಿದ್ದ. ಒಳಗೆ ನಡುವೆ ಉದ್ದಕ್ಕೆ ಒಂದು ಹಗ್ಗ. ಹಗ್ಗದ ಈ ಕಡೆ ಗಂಡಸರು, ಆ ಕಡೆ ಹೆಂಗಸರು.

ಗಂಡಸರ ಕಡೆ ಹೇಗೋ ತುಂಬೋದು. ಹೆಂಗಸರ ಕಡೆ ಮಾತ್ರ ದಿನಾ ಭಣಭಣ ಅನ್ನೋದು. ಮುಂದುಗಡೆ ನಾಲ್ಕಾರು ಜನ, ಹಿಂದೆ ಬರೀ ನೆಲ. ಹೆಂಗಸರು ಬಾರದ ನಾಟಕಕ್ಕೆ ಮಕ್ಕಳು ಬರೋದಿಲ್ಲ, ಮನೆಮಂದಿ ಬರೋದಿಲ್ಲ, ಕಂಪ್ನಿ ಬಹಳ ದಿನ ನಿಲ್ಲೋದಿಲ್ಲ. ಇದು ಪುಟ್ಟರಂಗಯ್ಯನಿಗೆ ಗೊತ್ತಿಲ್ಲದ್ದೇನಲ್ಲ.

ಆದರೆ ಯಾಕೆ ಬರೋದಿಲ್ಲ ಅನ್ನೋದಕ್ಕೆ ಅವನ ಹತ್ತಿರ ಉತ್ತರ ರೆಡಿಯಾಗಿತ್ತು. “ಎಲ್ಲಾ ಸಿನಿಮಾ ಹುಚ್ಚು ಕಣಯ್ಯ. ಈಗಿನ ಹೆಂಗಸ್ರಿಗೆ ನಾಟಕ ರುಚಿಸಲ್ಲ,” ಅಂತ ಗೇಟು ಕಾಯೋ ಅಂಜಿನಪ್ಪನ ಹತ್ತಿರ ಗೊಣಗೋನು. ಅಂಜಿನಪ್ಪ ಹೂಂಗುಟ್ಟೋನು. ಯಜಮಾನರ ಮಾತಿಗೆ ಹೂಂ ಅನ್ನದೆ ಅವನಾದ್ರೂ ಏನು ಮಾಡ್ತಾನೆ ಪಾಪ!

ಪುಟ್ಟರಂಗಯ್ಯನ ಹೊಟ್ಟೆಯೊಳಗಿನ ಉರಿ ಇನ್ನೊಂದಿತ್ತು. ಅವನ ಅಕ್ಕ ನರಸಿಂಹಮ್ಮನ್ನ ಕೊಟ್ಟಿದ್ದು ಇದೇ ಕುಣಿಗಲ್ಲಿಗೆ. ತಾಯಿ ಸತ್ತ ಮೇಲೆ ಇವನನ್ನ ಸೊಂಟದ ಮೇಲೆ ಹೊತ್ತು ಸಾಕಿದೋಳು ಅವಳು. ಇವನು ಹಾಸನ, ಮಂಡ್ಯ ಅಂತ ಊರೂರು ತಿರುಗಿ ರಾಜನ ಪಾರ್ಟು ಮಾಡಿ ಹೆಸರು ತಗೊಂಡ. ಅಕ್ಕ ಮಾತ್ರ ತಮ್ಮನ್ನ ರಾಜನ ವೇಷದಲ್ಲಿ ಒಂದು ಸಲವೂ ಕಂಡಿರಲಿಲ್ಲ. ಅವಳಿಗೆ ತೋರಿಸಬೇಕು ಅಂತಲೇ ಇವನು ಈ ಊರಿಗೆ ಬಂದಿದ್ದು. ಬಂದ ದಿನವೇ ಅಂಜಿನಪ್ಪನ ಕೈಲಿ ಪಾಸು ಕಳಿಸಿದ. ಬರಲಿಲ್ಲ. ಮತ್ತೆ ಕಳಿಸಿದ. “ಮೈಗೆ ಹುಷಾರಿಲ್ಲ ಕಣಪ್ಪ, ಇನ್ನೊಂದಿನ ಬರ್ತೀನಿ ಅಂತ ಹೇಳು,” ಅಂತ ಹೇಳಿ ಕಳಿಸಿದಳು. ಅಷ್ಟಕ್ಕೇ ಪುಟ್ಟರಂಗಯ್ಯ ಮುಖ ಊದಿಸಿಕೊಂಡ.

“ನಾನೇ ಹೋಗಿ ನೋಡ್ಕೊಂಡ್ ಬರ್ಲಾ?” ಅಂದಳು ಹೆಂಡತಿ ಮಹಾಲಕ್ಷ್ಮಮ್ಮ. ಕಂಪ್ನಿಯ ವೇಷದ ಬಟ್ಟೆಬರೆ ಎಲ್ಲ ಅವಳದೇ ಜವಾಬ್ದಾರಿ.

“ಬೇಡ. ತಮ್ಮ ನಾಟಕದೋನು ಅಂತ ಅವಳಿಗೆ ನಾಚ್ಕೆ ಆಗಿರಬೇಕು. ಕಾಲು ಹಿಡಿಯೋಕೆ ಹೋಗಬೇಡ,” ಅಂದ. ತಾನೂ ಆ ಬೀದಿಗೆ ಕಾಲಿಡಲಿಲ್ಲ. ಗಂಡಸರ ಬಿಗುಮಾನ ನೋಡಿ ಸ್ವಾಮಿ! ಅಕ್ಕನ ಮನೆ ಕೂಗಳತೆ ದೂರ, ಇವನು ಇಲ್ಲಿ ಕೂತು ಕೊರಗ್ತಾನೆ.

ಹೀಗಿರುವಾಗ ಒಂದು ಮಧ್ಯಾಹ್ನ ಸಿದ್ದಗಂಗಮ್ಮ ಬಂದಳು. ಊರಿನ ಆಸ್ಪತ್ರೆಯ ನರ್ಸು. ಮನೆಮನೆಗೆ ಹೋಗಿ ಬಸುರಿ ಬಾಣಂತಿಯರನ್ನ, ಕಾಯಿಲೆ ಕಸಾಲೆಯವರನ್ನ ನೋಡಿಕೊಂಡು ಬರೋ ಕೆಲಸ ಅವಳದು. ನಾಟಕದ ನಡುವೆ ಮಕ್ಕಳ ಚುಚ್ಚುಮದ್ದಿನ ವಿಷಯ ಮೈಕಿನಲ್ಲಿ ಹೇಳಿಸಿ ಅಂತ ಕೇಳೋಕೆ ಬಂದಿದ್ದಳು.

“ಹೇಳಿಸ್ತೀನಿ ನರ್ಸಮ್ಮ. ಆದ್ರೆ ಕೇಳೋಕೆ ತಾಯಂದಿರು ಎಲ್ಲವ್ರೆ? ಹೆಂಗಸ್ರ ಕಡೆ ದಿನಾ ಖಾಲಿ,” ಅಂದ ಪುಟ್ಟರಂಗಯ್ಯ.

“ಯಾಕೆ ಬರಲ್ಲ ಅಂತ ವಿಚಾರಿಸಿದ್ರಾ ಯಜಮಾನ್ರೆ?”

“ಓಹೋ, ವಿಚಾರಿಸ್ದೆ ಇರ್ತೀನಾ? ದಿನಾ ನಾಟಕ ಮುಗಿದ ಮೇಲೆ ಸ್ಟೇಜಿನ ಮೇಲೆ ನಿಂತು ಕೈಮುಗಿದು ಕೇಳ್ತೀನಿ. ಮಹಾಜನಗಳೇ, ಏನಾದ್ರೂ ಕುಂದುಕೊರತೆ ಐತಾ ಅಂತ. ಒಬ್ರಾದ್ರೂ ತುಟಿ ಬಿಚ್ಚಿಲ್ಲ. ಎಲ್ಲಾ ಚಪ್ಪಾಳೆ ಹೊಡೀತಾರೆ.”

ಸಿದ್ದಗಂಗಮ್ಮ ನಕ್ಕುಬಿಟ್ಟಳು. “ಅಲ್ಲಾ ಯಜಮಾನ್ರೆ, ಬಂದಿರೋರನ್ನ ಹಿಡ್ಕೊಂಡು ಯಾಕೆ ಬರಲಿಲ್ಲ ಅಂದ್ರೆ ಅವರೇನು ಹೇಳ್ತಾರೆ? ಬಾರದೇ ಇರೋರು ಮನೇಲವ್ರೆ. ಅವ್ರನ್ನ ಕೇಳಬೇಕು.”

“ಕೇಳಿದ್ರೆ ಏನು ಹೇಳ್ತಾರೆ? ಸಿನಿಮಾ ಅಂತಾರೆ.”

“ಇಲ್ಲ. ನಾನು ಮನೆಮನೆಗೆ ಹೋಗೋಳು, ನನ್ನ ಕಿವಿಗೆ ಬೀಳುತ್ತೆ. ಹೆಂಗಸ್ರು ಒಂದಕ್ಕೆ ಹೋಗೋಕೆ ಇಲ್ಲಿ ಜಾಗ ಇಲ್ಲ. ಥಿಯೇಟರ್ ಹಿಂದುಗಡೆ ಎಲ್ಲಾ ಗಂಡಸ್ರು ನಿಂತಿರ್ತಾರೆ. ಮೂರು ನಾಲ್ಕು ಗಂಟೆ ಹೆಂಗೆ ಕೂರ್ತಾರೆ ಹೇಳಿ?”

ಪುಟ್ಟರಂಗಯ್ಯ ಗಹಗಹಿಸಿ ನಕ್ಕ. “ಏನಮ್ಮಾ, ನಾಟಕ ನೋಡೋಕೆ ಬರ್ತಾರೋ ಅದಕ್ಕೆ ಬರ್ತಾರೋ? ಕಂಪ್ನಿ ಶುರುವಾದಾಗ್ಲಿಂದ ಇದೊಂದು ಮಾತು ಯಾರೂ ಹೇಳಿಲ್ಲ ಬುಡಿ.”

“ನಿಮ್ಮ ಹತ್ರ ಹೇಳ್ತಾರಾ? ಹೋಗ್ಲಿ, ನಿಮ್ಮಕ್ಕ ನರಸಿಂಹಮ್ಮನೋರ ವಿಷ್ಯ ಗೊತ್ತಾ? ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದೈತೆ. ತುಮಕೂರಿನ ದೊಡ್ಡಾಸ್ಪತ್ರೇಲಿ ನೋಡಿ, ಈ ಕಣ್ಣು ನಿಲ್ಲೋದು ಕಷ್ಟ ಅಂದವ್ರೆ. ಕಣ್ಣಿರೋವಾಗ್ಲೇ ತಮ್ಮನ್ನ ವೇಷದಲ್ಲಿ ನೋಡಬೇಕು ಅಂತ ಆವಮ್ಮ...”

“ನೋಡ್ಬೇಕು ಅನ್ನೋಳು ಬರಬೋದಿತ್ತಲ್ಲ! ಎರಡೆರಡು ಸಲ ಪಾಸು ಕಳ್ಸಿಲ್ವಾ?” ಪುಟ್ಟರಂಗಯ್ಯನ ದನಿ ಏರಿತು. “ನೆಪ ಹೇಳೋರಿಗೆ ಏನ್ ಬೇಕಾದ್ರೂ ಸಿಕ್ಕುತ್ತೆ. ಅವಳ ಮಾತು ಎತ್ತಬೇಡಿ ನರ್ಸಮ್ಮ.”

ಮೂಲೆಯಲ್ಲಿ ಕಿರೀಟಕ್ಕೆ ಮಿರುಗು ಕಾಗದ ಅಂಟಿಸುತ್ತಿದ್ದ ಮಹಾಲಕ್ಷ್ಮಮ್ಮ ತಲೆ ಎತ್ತಿ ನೋಡಿದಳು. ಗಂಡನ ಮುಖ ನೋಡಿ ಮತ್ತೆ ಕಾಗದ ಅಂಟಿಸತೊಡಗಿದಳು.

ಆದರೂ ನರ್ಸಮ್ಮನ ಮಾತು ಅವನನ್ನ ಕೊರೆಯುತ್ತಿತ್ತು. ಅವಳು ಹೇಳಿದ್ದು ಸುಳ್ಳು ಅಂತ ತೋರಿಸಲೇಬೇಕು ಅಂತ ಮಾರನೇ ದಿನ ಅಂಜಿನಪ್ಪನನ್ನ ಕರಕೊಂಡು ತಾನೇ ಬೀದಿಗಿಳಿದ. ಜರಿಪಂಚೆ, ಹೆಗಲ ಮೇಲೆ ಶಲ್ಯ, ಹಣೆ ತುಂಬ ಕುಂಕುಮ. ಮನೆಗಳ ಮುಂದೆ ನಿಂತು ಸ್ಟೇಜಿನ ಗಂಟಲಲ್ಲೇ ಕೇಳಿದ. “ಯಾಕಮ್ಮಾ, ನಮ್ಮ ನಾಟಕಕ್ಕೆ ಬರಲಿಲ್ಲ? ನಮ್ಮಿಂದ ಏನಾದ್ರೂ ತಪ್ಪಾಗೈತಾ?”

ಅಂಥ ದೊಡ್ಡ ಮನುಷ್ಯ ಬಾಗಿಲಿಗೆ ಬಂದು ಕೇಳಿದರೆ ಯಾವ ಹೆಂಗಸು ಬಾಯಿಬಿಟ್ಟಾಳು? ಸೆರಗು ಎಳೆದುಕೊಂಡು ಬಾಗಿಲ ಹಿಂದೆ ನಿಂತರು. “ಅಯ್ಯೋ, ಏನೂ ಇಲ್ಲ ಸ್ವಾಮಿ. ಪುರುಸೊತ್ತಾಗಲಿಲ್ಲ. ಬರ್ತೀವಿ,” ಅಂದರು. ಎಲ್ಲ ಮನೆಯಲ್ಲೂ ಇದೇ. ಅಕ್ಕನ ಬೀದಿ ಬಂದಾಗ ಪುಟ್ಟರಂಗಯ್ಯ ಬೇಕಂತಲೇ ಈಚೆಗೆ ತಿರುಗಿದ.

ಸಂತೆಯ ದಿನ ನರ್ಸಮ್ಮ ಎದುರಿಗೆ ಸಿಕ್ಕಾಗ ಗೆದ್ದವನ ಹಾಗೆ ಹೇಳಿದ. “ನೋಡಿದ್ರಾ? ನಾನೇ ಕೇಳಿ ಬಂದೆ. ಪುರುಸೊತ್ತಿಲ್ವಂತೆ, ಅಷ್ಟೇ.”

“ನೀವು ಕೇಳಿದ್ದಲ್ಲ ಯಜಮಾನ್ರೆ, ಹೆದರಿಸಿ ಬಂದಿದೀರ. ಹೆಂಗಸ್ರ ಕಷ್ಟ ಹೆಂಗಸ್ರು ಕೇಳಬೇಕು. ಪಕ್ಕದಲ್ಲಿ ಕೂತು, ಅವರ ಕೆಲಸಕ್ಕೆ ಕೈ ಹಾಕ್ಕೊಂಡು ಕೇಳಬೇಕು. ಮಹಾಲಕ್ಷ್ಮಮ್ಮನೋರ್ನ ನನ್ನ ಜೊತೆ ಕಳಿಸಿ.”

“ಆಯ್ತು, ಆಯ್ತು. ಬಟ್ಟೆ ಕೆಲಸ ಬೇಜಾನೈತೆ. ಆಮೇಲೆ ನೋಡೋಣ,” ಅಂದ.

ಆಮೇಲೆ, ಆಮೇಲೆ ಅಂತ ದಿನ ಉರುಳಿದವು. ಗಂಡಸರ ಕಡೆಯೂ ತೆಳ್ಳಗಾಯಿತು. ಹಾರ್ಮೋನಿಯಂ ಮೇಷ್ಟ್ರು ಊರಿಗೆ ಹೋಗಿ ಬರ್ತೀನಿ ಅಂತ ಹೋದವರು ತಿರುಗಿ ಬರಲಿಲ್ಲ. ಪುಟ್ಟರಂಗಯ್ಯ ಊಟ ಬಿಟ್ಟ. ಬಣ್ಣ ಹಚ್ಚಿಕೊಳ್ಳೋವಾಗ ಕನ್ನಡಿ ಮುಂದೆ ಕೂತು, “ಯಾರಿಗೆ ಬೇಕಾಗೈತೆ ಈ ವೇಷ? ಒಡಹುಟ್ಟಿದೋಳಿಗೇ ಬೇಡ,” ಅಂತ ಒಬ್ಬನೇ ಅನ್ನೋನು. ಅದನ್ನ ಕೇಳಿ ಕೇಳಿ ಮಹಾಲಕ್ಷ್ಮಮ್ಮನಿಗೆ ಸಾಕಾಗಿ ಹೋಯಿತು. ಒಂದು ಬೆಳಿಗ್ಗೆ ಗಂಡನಿಗೆ ಹೇಳದೆ ಕೇಳದೆ ನರ್ಸಮ್ಮನ ಜೊತೆ ಹೊರಟುಬಿಟ್ಟಳು.

ಒಂದು ಜಗುಲಿ ಮೇಲೆ ಹೆಂಗಸರು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಇವಳೂ ಕೂತು ಬೀಜ ಬಿಡಿಸತೊಡಗಿದಳು. ಮೊದಲು ಸೊಸೆಯರ ಮಾತು, ಸೊಪ್ಪಿನ ಮಾತು. ಆಮೇಲೆ ಕಟ್ಟೆ ಒಡೆದ ಹಾಗೆ ಎಲ್ಲ ಹೊರಗೆ ಬಂತು. “ಅಯ್ಯೋ, ನಾಟಕ ಅಂದ್ರೆ ನಮಗೂ ಆಸೆ ಕಣಮ್ಮ. ಗೇಟಿನ ಹತ್ರ ಗಂಡಸ್ರು ಬೀಡಿ ಸೇದ್ಕೊಂಡು ನಿಂತಿರ್ತಾರೆ, ಮೈಗೆ ಮೈ ತಗಲಿಸ್ಕೊಂಡು ಒಳಗೋಗ್ಬೇಕು,” ಅಂದಳು ಒಬ್ಬಳು. “ಗೇಟಿನ ಮುಂದಿನ ಮೋರಿ ಮೇಲೆ ಒಂದೇ ಹಲಗೆ. ನನ್ನ ಮಗಳಿಗೆ ಪೋಲಿಯೋ ಕಾಲು, ಹೆಂಗೆ ದಾಟಿಸ್ಲಿ?” ಅಂದಳು ಇನ್ನೊಬ್ಬಳು. ಯಡಿಯೂರು ಕಡೆಯಿಂದ ನಂಟರ ಮನೆಗೆ ಬಂದಿದ್ದವಳು, “ನಿಮ್ಮ ನಾಟಕ ಮುಗಿಯೋ ಹೊತ್ಗೆ ಬಸ್ಸೇ ಇರಲ್ಲ,” ಅಂದಳು. ಆ ಒಂದಕ್ಕೆ ಹೋಗೋ ಮಾತನ್ನಂತೂ ಎಲ್ಲರೂ ದನಿ ತಗ್ಗಿಸಿ ಹೇಳಿದರು. ನಾಟಕ ಬೇಡ ಅಂದವಳು ಒಬ್ಬಳೂ ಇರಲಿಲ್ಲ.

ಅಲ್ಲಿಂದ ನರಸಿಂಹಮ್ಮನ ಮನೆಗೆ ಹೋದರು. ಮಹಾಲಕ್ಷ್ಮಮ್ಮ ತಿರುಗಿ ಬಂದಾಗ ಅವಳ ಕಣ್ಣು ಊದಿಕೊಂಡಿದ್ದವು.

“ನಿಮ್ಮಕ್ಕ ಬಂದಿದ್ರು ಕಣ್ರೀ,” ಅಂದಳು ಗಂಡನಿಗೆ. “ಸೊಸೆ ಕೈ ಹಿಡ್ಕೊಂಡು ಮೈದಾನದ ಮೂಲೆವರ್ಗೂ ಬಂದಿದ್ರು. ಸಕ್ಕರೆ ಕಾಯಿಲೆ, ಗಳಿಗೆಗೊಂದ್ಸಲ ಎದ್ದು ಹೋಗಬೇಕು. ಎಲ್ಲೋಗ್ತಾರೆ? ಕುಂತ ಜಾಗದಲ್ಲೇ ಸೀರೆ ಒದ್ದೆಯಾದ್ರೆ ತಮ್ಮನ ಮಾನ ಹೋಗುತ್ತೆ ಅಂತ ಅತ್ಕೊಂಡು ವಾಪಸ್ ಹೋದ್ರಂತೆ.”

ಪುಟ್ಟರಂಗಯ್ಯ ಬಾಯಿಬಿಟ್ಟುಕೊಂಡು ನೋಡಿದ. “ನಂಗೊಂದ್ಮಾತು ಹೇಳಬಾರದಿತ್ತಾ?”

ಮಹಾಲಕ್ಷ್ಮಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. “ಮೊನ್ನೆ ಬೆಳಗ್ಗೆ ಎದ್ದಾಗ ಮಸಿ ಚೆಲ್ಲಿದಂಗಾಯ್ತಂತೆ. ಈಗ ಏನೂ ಕಾಣಲ್ಲ,” ಅಂದಳು.

ಅವನು ಚಪ್ಪಲಿ ಮೆಟ್ಟದೆ ಓಡಿದ. ಅಕ್ಕ ನಡುಮನೆ ಗೋಡೆಗೆ ಒರಗಿ ಕೂತಿದ್ದಳು. ಹೆಜ್ಜೆ ಸಪ್ಪಳಕ್ಕೆ ಮುಖ ಎತ್ತಿದಳು, ಆದರೆ ಅವನು ನಿಂತಿದ್ದ ಕಡೆಗಲ್ಲ. “ಯಾರು?” ಅಂದಳು. ಪುಟ್ಟರಂಗಯ್ಯ ಅವಳ ಕಾಲ ಹತ್ತಿರ ಕುಸಿದು ಕೂತು ಮಗುವಿನ ಹಾಗೆ ಅತ್ತ. ತುಮಕೂರಿಗೆ ಕರಕೊಂಡು ಹೋದ. ಡಾಕ್ಟರು ದೀಪ ಹಿಡಿದು ನೋಡಿ, ಇನ್ನು ಮಾಡೋದೇನೂ ಇಲ್ಲ ಅಂದರು.

ಊರಿಗೆ ಬಂದವನೇ ಹುಚ್ಚು ಹಿಡಿದವನ ಹಾಗೆ ಕೆಲಸಕ್ಕೆ ಬಿದ್ದ. ಹೆಂಗಸರ ಕಡೆ ಬೇರೆ ಬಾಗಿಲು ತೆಗೆಸಿದ. ಗುಂಡಿ ತೋಡಿಸಿ, ಸುತ್ತ ಗರಿಯ ಮರೆ ಕಟ್ಟಿಸಿ, ನೀರಿನ ಹಂಡೆ ಇಡಿಸಿದ. ಮೋರಿಗೆ ಕಲ್ಲು ಹಾಸಿ, ಮೇಲೆ ಮಣ್ಣು ಬಡಿಸಿ ಇಳಿಜಾರು ಮಾಡಿಸಿದ. ಮಂಡಿನೋವಿನವರಿಗೆ ಒರಗೋ ಬೆಂಚು ಹಾಕಿಸಿದ. ಭಾನುವಾರ ಮಧ್ಯಾಹ್ನವೇ ನಾಟಕ, ಬಸ್ಸಿನ ಹೊತ್ತಿಗೆ ಬಿಡ್ತೀವಿ ಅಂತ ಜಟಕಾ ಕಟ್ಟಿಸಿ ಸಾರಿಸಿದ. ಇಷ್ಟೆಲ್ಲ ಆಗೋಕೆ ಒಂದು ವಾರ ಹಿಡೀಲಿಲ್ಲ. ಇದನ್ನ ಬಂದ ದಿನವೇ ಮಾಡಬಹುದಿತ್ತಲ್ಲಪ್ಪಾ!

ಆ ಭಾನುವಾರ ಹೆಂಗಸರ ಕಡೆ ಕಾಲಿಡೋಕೆ ಜಾಗ ಇರಲಿಲ್ಲ. ಪೋಲಿಯೋ ಕಾಲಿನ ಹುಡುಗಿ ಮುಂದಿನ ಸಾಲಲ್ಲಿದ್ದಳು. ನರಸಿಂಹಮ್ಮ ಬೆಂಚಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ಸಿದ್ದಗಂಗಮ್ಮ ಅವಳ ಕಿವಿಯಲ್ಲಿ ಹೇಳ್ತಾ ಇದ್ದಳು. “ಈಗ ಪರದೆ ಮೇಲೋಯ್ತು. ನಿಮ್ಮ ತಮ್ಮ ಬಂದ್ರು. ಹಸಿರು ರೇಷ್ಮೆ ಅಂಗಿ, ಹೊಳೆಯೋ ಕಿರೀಟ.” ನರಸಿಂಹಮ್ಮ ತಲೆಯಾಡಿಸ್ತಿದ್ದಳು. ಸ್ಟೇಜಿನ ಮೇಲಿಂದ ಪುಟ್ಟರಂಗಯ್ಯನಿಗೆ ಎಲ್ಲಾ ಕಾಣ್ತಿತ್ತು. ಜನ ಚಪ್ಪಾಳೆ ತಟ್ಟಿದರು. ಇಷ್ಟು ವರ್ಷ ಬೇಕು ಬೇಕು ಅಂದುಕೊಂಡಿದ್ದ ಚಪ್ಪಾಳೆ ಅದು. ಆವತ್ತು ಅವನಿಗೆ ಅದು ಬೇಕಾಗಿರಲಿಲ್ಲ.

ನಾಟಕ ಮುಗಿದ ಮೇಲೆ ವೇಷ ಕಳಚದೆ ಅಕ್ಕನ ಮುಂದೆ ಬಂದು ಕೂತ. ಅವಳು ಕಿರೀಟ ಸವರಿದಳು, ಕೆನ್ನೆ ಸವರಿದಳು. ಬೆರಳಿಗೆಲ್ಲ ಬಣ್ಣ ಅಂಟಿತು.

“ಚೆನ್ನಾಗಿ ಕಾಣ್ತೀಯೇನೋ ಮಗಾ,” ಅಂದಳು.

“ಅಕ್ಕಾ, ನಾನಾಗ್ಲೇ ಬಂದು ಕೇಳಿದ್ರೆ ನೀನು ನನ್ನ ನೋಡ್ತಿದ್ದೆ.”

“ನೀನು ಬಂದು ಕೇಳಿದ್ರೂ ಹೆಂಗೋ ಹೇಳ್ಲಿ? ನೀನು ಗಂಡ್ಸು. ಮಹಾಲಕ್ಷ್ಮಿನ ಕಳ್ಸಿದ್ರೆ ಆವತ್ತೇ ಹೇಳ್ತಿದ್ದೆ ಕಣೋ.”

ಹೋಗಬೇಡ ಅಂತ ಹೆಂಡತಿನ ತಡೆದಿದ್ದವನು ಅವನೇ ತಾನೆ! ಅಲ್ಲಿಂದ ಮುಂದೆ ಬೆಳ್ಳಾವಿಗೆ ಹೋಗಲಿ, ತುಮಕೂರಿಗೆ ಹೋಗಲಿ, ಬೊಂಬು ನೆಡೋಕೆ ಮೊದಲು ಮಹಾಲಕ್ಷ್ಮಮ್ಮ ಮನೆಮನೆಗೆ ಹೋಗಿ ಕೇಳಿ ಬರೋಳು. ಅವಳು ಹೇಳಿದ ಹಾಗೆ ಥಿಯೇಟರು ಏಳೋದು. ನರಸಿಂಹಮ್ಮ ಮಾತ್ರ ತಮ್ಮನ ವೇಷ ಕಾಣಲಿಲ್ಲ, ಇನ್ನು ಕಾಣೋ ಹಾಗೂ ಇರಲಿಲ್ಲ.

ನಾಟಕ ಆಡಿಸೋ ಅಣ್ಣಂದಿರೇ, ವಾಚನಾಲಯ ನಡೆಸೋರೇ, ಭಜನೆ ಮಂಡಳಿಯೋರೇ, ನಿಮ್ಮಲ್ಲಿ ಯಾರ ಜಾಗ ಖಾಲಿ ಐತೆ ಅಂತ ಒಂದ್ಸಲ ತಿರುಗಿ ನೋಡಿ. ಅವರಿಗೆ ಆಸಕ್ತಿ ಇಲ್ಲ ಅಂತ ನೀವೇ ತೀರ್ಮಾನ ಮಾಡಬೇಡಿ. ಬಂದವರ ಚಪ್ಪಾಳೆ ನಂಬಿ ಕೂರಬೇಡಿ. ಬಾರದೇ ಇರೋರ ಮನೆಗೆ ಹೋಗಿ ಕೇಳಿ. ಅವರು ಯಾರ ಹತ್ತಿರ ಬಾಯಿಬಿಡ್ತಾರೋ ಅಂಥವರನ್ನ ಕಳಿಸಿ ಕೇಳಿಸಿ. ಅವರು ಹೇಳಿದ್ದಕ್ಕೆ ನಗಬೇಡಿ. ಕೇಳಿಕೊಂಡು ಬಂದ ದಿನವೇ ಹಾರೆ ಗುದ್ದಲಿ ಕೈಗೆ ತಗೊಳ್ಳಿ.